ಬೋನ್ ಮ್ಯಾರೋ ಬಯಾಪ್ಸಿಗೆ ಮಂಪರಿನ ಇಂಜೆಕ್ಷನ್ ತೆಗೆದುಕೊಳ್ಳಬೇಕಾ?

ಮುಂದಿನ ವಾರ ಬಯಾಪ್ಸಿ (ಮೂಳೆಯೊಳಗಿನ ಮಜ್ಜೆಯನ್ನು ಸೂಜಿಯಿಂದ ತೆಗೆದು ಪರೀಕ್ಷೆ ಮಾಡುವುದು) ಇದೆ, ಬರೀ ಲೋಕಲ್ ಅನಸ್ತೇಷಿಯಾ (ಆ ಜಾಗವನ್ನಷ್ಟೇ ಮರಗಟ್ಟಿಸುವುದು) ಸಾಕಾ, ಸೆಡೇಶನ್ (ಮಂಪರಿನ ಇಂಜೆಕ್ಷನ್) ಕೂಡ ಕೇಳಲಾ ಅಂತ ಕೇಳಿದ್ದೀರಿ. ನನಗೆ ಎರಡೂ ರೀತಿಯಲ್ಲಿ ಆಗಿದೆ. ಹೆದರಿಕೆಯಿಂದ ಈಗಲೇ ನಿದ್ದೆ ಕೆಟ್ಟಿದ್ದರೆ, ಜೊತೆಗೆ ಬರಲು ಯಾರಾದರೂ ಇದ್ದರೆ, ಸಂಕೋಚ ಬಿಟ್ಟು ಕೇಳಿ.

ನೋವು ಎಲ್ಲಿ ಅಂತ ಮೊದಲು ತಿಳಿದುಕೊಳ್ಳಿ. ಬೋರಲು ಅಥವಾ ಒಂದು ಮಗ್ಗುಲಿಗೆ ಮಲಗಿಸಿ, ಸೊಂಟದ ಹಿಂದಿನ ಮೂಳೆ ಇರುವ ಜಾಗಕ್ಕೆ ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಚುಚ್ಚುತ್ತಾರೆ. ಸ್ವಲ್ಪ ಹೊತ್ತು ಉರಿಯುತ್ತದೆ. ಆಮೇಲೆ ದಪ್ಪ ಸೂಜಿಯನ್ನು ತಿರುಗಿಸುತ್ತಾ ಮೂಳೆಗೆ ಇಳಿಸುವಾಗ ಒತ್ತಡ ಗೊತ್ತಾಗುತ್ತದೆ, ಅಷ್ಟೇನೂ ನೋವಿರಲಿಲ್ಲ. ಜಾಸ್ತಿ ನೋವಾಗಿದ್ದು ಸಿರಿಂಜ್‌ನಲ್ಲಿ ಮಜ್ಜೆ ಎಳೆದಾಗ. ಚರ್ಮ ಮತ್ತು ಮೂಳೆಯ ಮೇಲಿನ ಪೊರೆ ಮರಗಟ್ಟಿರುತ್ತದೆ, ಆದರೆ ಆ ಔಷಧಿ ಮೂಳೆಯ ಒಳಗಿನವರೆಗೆ ಹೋಗುವುದಿಲ್ಲ. ನನಗೆ ತೊಡೆಯವರೆಗೂ ಜಗ್ಗಿದ ಹಾಗಾಗಿ ಮಂಚದ ಕಂಬಿ ಹಿಡಿದುಕೊಂಡೆ. ಕೆಲವೇ ಸೆಕೆಂಡು, ಆದರೆ ಜೋರು. ಅದನ್ನು ತಡೆದುಕೊಳ್ಳುತ್ತೇನೆ ಅನ್ನಿಸಿದರೆ ಲೋಕಲ್ ಸಾಕು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಸ್ವಲ್ಪ ಹೊತ್ತು ಮಲಗಿದ್ದು ಎದ್ದು ಹೋಗಬಹುದು.

ಸೆಡೇಶನ್ ಅಂದರೆ ಸಾಮಾನ್ಯವಾಗಿ ಕೈಯ ರಕ್ತನಾಳಕ್ಕೆ ಮಂಪರು ತರಿಸುವ ಮಿಡಜೋಲಾಮ್, ಎಷ್ಟೋ ಕಡೆ ಜೊತೆಗೆ ನೋವು ತಗ್ಗಿಸುವ ಫೆಂಟನಿಲ್. ಆಪರೇಷನ್‌ಗೆ ಕೊಡುವ ಪೂರ್ತಿ ಅರಿವಳಿಕೆ ಅಲ್ಲ. ಕರೆದರೆ ಓಗೊಡುತ್ತೀರಿ, ಆದರೆ ಆಮೇಲೆ ನೆನಪು ಇರುವುದೇ ಕಡಿಮೆ. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ದು ನೆನಪಿದೆ, ಆಮೇಲೆ ನೆನಪಿರುವುದು ಸಿಸ್ಟರ್ ಹತ್ತಿ ಒತ್ತಿ ಹಿಡಿದಿದ್ದು ಮಾತ್ರ. ಇದಕ್ಕೆ ಸಾಮಾನ್ಯವಾಗಿ 6 ಗಂಟೆ ಮೊದಲೇ ಊಟ ತಿಂಡಿ ನಿಲ್ಲಿಸಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ, ಖರ್ಚೂ ಜಾಸ್ತಿ. ಹಾಸನದಿಂದ ಬೆಂಗಳೂರಿಗೆ ಒಬ್ಬರೇ ಬಸ್ಸಲ್ಲಿ ಬಂದು ಸಂಜೆ ವಾಪಸ್ ಹೋಗುವವರಿಗೆ ಇದು ಆಗಿಬರುವುದಿಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಶ್ವಾಸಕೋಶದ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ, ಈ ಔಷಧಿಗಳು ಉಸಿರಾಟವನ್ನು ನಿಧಾನ ಮಾಡುತ್ತವೆ.

'ಇಷ್ಟು ದೊಡ್ಡವರಾಗಿ ಇಷ್ಟಕ್ಕೆಲ್ಲ ಹೆದರ್ತಾರಾ' ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರ ಮಾತು ಬಿಡಿ. ಲ್ಯುಕೇಮಿಯಾ, ಮೈಲೋಮಾದಂಥ ರಕ್ತದ ಕ್ಯಾನ್ಸರ್ ಇರುವವರು ಚಿಕಿತ್ಸೆಯ ಮಧ್ಯೆ ಮತ್ತೆ ಮತ್ತೆ ಇದನ್ನು ಮಾಡಿಸಬೇಕಾಗಬಹುದು. ಮೊದಲನೆಯದೇ ಭಯಂಕರ ಆದರೆ ಮುಂದಿನ ಪ್ರತಿಯೊಂದಕ್ಕೂ ಮನಸ್ಸು ಹಿಂಜರಿಯುತ್ತದೆ, ಅಲ್ವಾ? ನನಗಂತೂ ಸೆಡೇಶನ್ ಕೇಳಲು ಇದೊಂದೇ ಕಾರಣ ಸಾಕಾಯಿತು.

ನಿಮ್ಮ ಆಸ್ಪತ್ರೆಯಲ್ಲಿ ಸೆಡೇಶನ್ ಇಲ್ಲದಿದ್ದರೆ ಎರಡು ವಿಷಯ ಕೇಳಿಕೊಳ್ಳಿ: ಲಿಗ್ನೋಕೇನ್ ಕೊಟ್ಟ ಮೇಲೆ ಅದು ಹಿಡಿಯುವವರೆಗೆ ಕಾಯಿರಿ, ಮಜ್ಜೆ ಎಳೆಯುವ ಮುಂಚೆ ಹೇಳಿ. ಹೇಳಿ ಎಳೆದರೆ ಉಸಿರು ಬಿಡುತ್ತಾ ತಡೆದುಕೊಳ್ಳಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಈಗಲೇ ತಿಳಿಸಿ. ಆಮೇಲಿನ ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇರಬಹುದು, ಡಾಕ್ಟರನ್ನು ಕೇಳದೆ ಬ್ರೂಫೆನ್ ನುಂಗಬೇಡಿ.

ಸೆಡೇಶನ್ ಬೇಕು ಅಂತಿದ್ದರೆ ನಾಳೆಯೇ ಫೋನ್ ಮಾಡಿ ಹೇಳಿ. ಅವತ್ತು ಬೆಳಿಗ್ಗೆ ಇಡ್ಲಿ ತಿಂದು ಹೋಗಿ ಕೇಳಿದರೆ ಕೊಡುವುದಿಲ್ಲ.