ಬಾಯಿ ನುಂಗಿದ ಸೊನ್ನೆಗಳು

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮ ಐದನೇ ತರಗತಿಯ ಮಕ್ಕಳು ಬಿಡಿ, ಹತ್ತು, ನೂರು, ಸಾವಿರ ಎಂದು ಕೋಟಿಯವರೆಗೆ ತಡವರಿಸದೆ ಒಪ್ಪಿಸುತ್ತಾರೆ. ಸ್ಥಾನಬೆಲೆ ಕೋಷ್ಟಕವನ್ನೂ ಸರಿಯಾಗಿ ತುಂಬುತ್ತಾರೆ. ಆದರೆ ‘ನಾಲ್ಕು ಲಕ್ಷದ ಆರು ಸಾವಿರದ ಐವತ್ತು’ ಎಂದು ಉಕ್ತಲೇಖನ ಕೊಟ್ಟರೆ ಅರ್ಧ ತರಗತಿ ತಪ್ಪು ಬರೆಯುತ್ತದೆ. ಏಕೆ ಹೀಗಾಗುತ್ತದೆ, ಮಿಲಿಯನ್ನನ್ನೂ (ಅಂದರೆ ನಮ್ಮ ಹತ್ತು ಲಕ್ಷವನ್ನು) ಇದರ ಜೊತೆಯಲ್ಲೇ ಕಲಿಸಬೇಕೇ ಎಂದು ಕೇಳಿದ್ದೀರಿ. ಪ್ರಾಥಮಿಕ ತರಗತಿಗಳಿಗೆ ಗಣಿತ ಹೇಳಿಕೊಡುತ್ತಾ ಬಹಳ ವರ್ಷ ಕಳೆದವನು ನಾನು. ಇದೇ ಸಂಖ್ಯೆಯಲ್ಲಿ ನನ್ನ ಮಕ್ಕಳೂ ಎಡವಿದ್ದಾರೆ, ಆ ಕಾರಣಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಆ ತಪ್ಪು ಉತ್ತರಗಳನ್ನೇ ಮುಂದೆ ಹರವಿಕೊಂಡು ನೋಡಿ. ಕೆಂಪು ಗೆರೆ ಎಳೆದ ಮೇಲೆ ನಾವು ತಪ್ಪನ್ನು ಮತ್ತೆ ಓದುವುದಿಲ್ಲ. ಮೊದಮೊದಲು ನಾನೂ ಓದುತ್ತಿರಲಿಲ್ಲ. ಓದಿದರೆ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ. ಕೆಲವರು 400000600050 ಎಂದು ಬರೆದಿರುತ್ತಾರೆ, ಇನ್ನು ಕೆಲವರು 4650 ಎಂದು. ನಡುವೆ 46050, 40650 ಎಂಬ ಮಿಶ್ರತಳಿಗಳೂ ಸಿಗುತ್ತವೆ.

ಮೊದಲನೆಯ ಮಗು ದಡ್ಡ ಮಗುವಲ್ಲ. ನಾಲ್ಕು ಲಕ್ಷ ಎಂದಿರಿ, 400000 ಬರೆಯಿತು. ಆರು ಸಾವಿರ ಎಂದಿರಿ, 6000 ಬರೆಯಿತು. ಐವತ್ತಕ್ಕೆ 50. ಮೂರೂ ಸರಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ ಪ್ರಾಮಾಣಿಕ ಮಗು ಅದು. ಆ ಮೂರು ಸಂಖ್ಯೆಗಳು ಒಂದರ ಮೇಲೊಂದು ಕೂರಬೇಕೇ ಹೊರತು ಒಂದರ ಪಕ್ಕದಲ್ಲೊಂದಲ್ಲ ಎಂಬುದಷ್ಟೇ ಅದಕ್ಕೆ ತಿಳಿದಿಲ್ಲ. 4650 ಬರೆದ ಮಗುವಿನ ಕಥೆ ಬೇರೆ. ಅಂಕಿಗಳು ಒಂದೇ ಸಾಲಿನಲ್ಲಿ ಸೇರಿಕೊಳ್ಳುತ್ತವೆ ಎಂದು ಅದಕ್ಕೆ ಗೊತ್ತು, ಆದರೆ ಕಿವಿಗೆ ಬೀಳದ ಸೊನ್ನೆಯನ್ನು ಅದು ಬರೆಯುವುದಿಲ್ಲ. ಏಕೆ ಬರೆಯಬೇಕು? ನೀವು ಸೊನ್ನೆ ಎಂದು ಹೇಳಲೇ ಇಲ್ಲವಲ್ಲ.

ಗಂಟು ಇರುವುದು ಇಲ್ಲಿಯೇ. ಮಾತಿನಲ್ಲಿ ಸ್ಥಾನಕ್ಕೆ ಹೆಸರಿದೆ, ಸೊನ್ನೆ ಇಲ್ಲ. ಬರಹದಲ್ಲಿ ಸೊನ್ನೆ ಇದೆ, ಸ್ಥಾನಕ್ಕೆ ಹೆಸರಿಲ್ಲ. ‘ಸಾವಿರ’ ಎಂಬ ಪದವನ್ನು ಬಾಯಿ ಉಚ್ಚರಿಸುತ್ತದೆ. ಕಾಗದದ ಮೇಲೆ ಆ ಪದವೇ ಮಾಯವಾಗಿ, ಆರು ಎಂಬ ಅಂಕಿ ಎಲ್ಲಿ ಕುಳಿತಿದೆ ಎಂಬುದರಿಂದಲೇ ಅದು ಸಾವಿರವೋ ನೂರೋ ಎಂದು ಊಹಿಸಿಕೊಳ್ಳಬೇಕು. ರೋಮನ್ ಅಂಕಿಗಳಲ್ಲಿ ಈ ತಾಪತ್ರಯವಿರಲಿಲ್ಲ. ನೂರಕ್ಕೆ ಒಂದು ಗುರುತು, ಸಾವಿರಕ್ಕೆ ಇನ್ನೊಂದು, ಆದ್ದರಿಂದ ಅಲ್ಲಿ ಸೊನ್ನೆಯ ಅಗತ್ಯವೇ ಬೀಳಲಿಲ್ಲ. ನಮ್ಮ ಮಾತು ಇವತ್ತಿಗೂ ಒಂದು ರೀತಿಯಲ್ಲಿ ರೋಮನ್ ಪದ್ಧತಿಯದೇ. ಬರಹ ಮಾತ್ರ ಸ್ಥಾನದಿಂದ ಸ್ಥಾನಕ್ಕೆ ಹತ್ತು ಪಟ್ಟು ಎಂಬ ನಿಯಮದ್ದು. ಆರ್ಯಭಟ ಆ ನಿಯಮವನ್ನು ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ್ದು ಕ್ರಿ.ಶ. 499ರಲ್ಲಿ. ಒಂದು ಶ್ಲೋಕದಲ್ಲಿ ಮುಗಿಯುವ ವಿಷಯ ಒಂದು ಅವಧಿಯಲ್ಲಿ ತಲೆಗೆ ಹತ್ತಬೇಕೆಂದು ನಾವು ನಿರೀಕ್ಷಿಸುತ್ತೇವೆ!

ಹಾಗೆಂದು ಕನ್ನಡವನ್ನು ದೂರಬೇಡಿ. ತೊಂಬತ್ತೊಂಬತ್ತರವರೆಗೆ ಅದು ಮಗುವಿನ ಕೈ ಹಿಡಿದೇ ನಡೆಸುತ್ತದೆ. ಇಪ್ಪತ್ತಮೂರು ಎಂದಾಗ ಮೊದಲು ಇಪ್ಪತ್ತು, ಆಮೇಲೆ ಮೂರು; ಬರೆಯುವ ಕ್ರಮವೂ ಅದೇ. ಹದಿಮೂರರಲ್ಲೂ ಹತ್ತೇ ಮುಂದೆ. ಇಂಗ್ಲಿಷಿನ ಥರ್ಟೀನ್ ಮೂರನ್ನು ಮೊದಲು ಹೇಳುತ್ತದೆ. ಜರ್ಮನ್ ಭಾಷೆಯಲ್ಲಂತೂ ಇಪ್ಪತ್ತಮೂರನ್ನು ‘ಮೂರು ಮತ್ತು ಇಪ್ಪತ್ತು’ ಎನ್ನುತ್ತಾರೆ. ಅಲ್ಲಿನ ಮಕ್ಕಳು ಕೇಳಿದ್ದನ್ನು ತಿರುಗಿಸಿ ಬರೆಯಬೇಕು. ನಮ್ಮ ಮಕ್ಕಳಿಗೆ ಮೊದಲ ಪೆಟ್ಟು ಬೀಳುವುದು ‘ನೂರ ಐದು’ ಎಂಬಲ್ಲಿ. ಬಾಯಿ ಸೊನ್ನೆ ನುಂಗಲು ಶುರುಮಾಡುವುದು ಅಲ್ಲಿಂದ. ಎರಡನೇ ಪೆಟ್ಟು ‘ಸಾವಿರದ ಐದು’. ಲಕ್ಷದಲ್ಲಿ ತಪ್ಪುವ ಮಗು ಬಹುಪಾಲು ಇಲ್ಲಿಯೇ ತಪ್ಪಿರುತ್ತದೆ. ನಾವು ಗಮನಿಸಿರುವುದಿಲ್ಲ, ಅಷ್ಟೇ. ಆದ್ದರಿಂದ ಲಕ್ಷದ ಪಾಠ ಕೆಟ್ಟಿದೆ ಎಂದು ಲಕ್ಷದ ಪಾಠವನ್ನೇ ಮತ್ತೆ ಮಾಡುವುದು ಸೋರುವ ಮನೆಯ ನೆಲ ಒರೆಸಿದಂತೆ.

ಈಗ ಮದ್ದು. 400000600050 ಬರೆಯುವ ಮಕ್ಕಳಿಗೆ ಪಟ್ಟಿ ಕಾರ್ಡುಗಳಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ರಟ್ಟು ಅಥವಾ ದಪ್ಪ ಕಾಗದ ಸಾಕು. ಒಂದು ಅಂಕಿಗೆ ಮೂರು ಸೆಂಟಿಮೀಟರ್ ಅಗಲ ಎಂದು ಇಟ್ಟುಕೊಳ್ಳಿ. 1ರಿಂದ 9ರವರೆಗಿನ ಕಾರ್ಡು ಮೂರು ಸೆಂಟಿಮೀಟರ್, 10ರಿಂದ 90ರವರೆಗಿನದು ಆರು, ನೂರುಗಳದು ಒಂಬತ್ತು, ಹೀಗೆ ಲಕ್ಷಗಳ ಕಾರ್ಡು ಹದಿನೆಂಟು ಸೆಂಟಿಮೀಟರ್ ಆಗುತ್ತದೆ. ಸ್ಥಾನಕ್ಕೆ ಒಂಬತ್ತರಂತೆ ಆರು ಸ್ಥಾನಗಳಿಗೆ 54 ಕಾರ್ಡು. ಅಗಲದಲ್ಲಿ ಮೋಸ ಮಾಡಬೇಡಿ, ಇಡೀ ಆಟ ನಿಂತಿರುವುದು ಅದರ ಮೇಲೆ. ಈಗ ಮಗು 400000 ಕಾರ್ಡನ್ನು ಮೇಜಿನ ಮೇಲೆ ಇಡಲಿ. ಅದರ ಮೇಲೆ 6000, ಬಲ ಅಂಚು ಬಲ ಅಂಚಿಗೆ ಸರಿಯಾಗಿ ಕೂರುವಂತೆ. ಅದರ ಮೇಲೆ 50, ಅದೂ ಬಲಕ್ಕೆ ಒತ್ತಿ. ಕಣ್ಣ ಮುಂದೆ 406050 ನಿಂತಿರುತ್ತದೆ. ‘ನೀನು ಬರೆದ ಆರು ಸಾವಿರದ ಸೊನ್ನೆಗಳು ಎಲ್ಲಿ ಹೋದವು?’ ಎಂದು ಕೇಳಿ. ಮಗು 50ರ ಕಾರ್ಡನ್ನು ಎತ್ತಿ ಇಣುಕಿ ನೋಡುತ್ತದೆ. ಆ ಇಣುಕುವಿಕೆಯೇ ಪಾಠ. ಎರಡು ಸೊನ್ನೆಗಳು ಕೆಳಗೆ ಅಡಗಿವೆ, ಮೂರನೆಯದನ್ನು ಮುಚ್ಚಲು ಯಾರೂ ಬಂದಿಲ್ಲ, ಅದಕ್ಕೇ ಅದು ಕಾಣುತ್ತಿದೆ. ಉತ್ತರದಲ್ಲಿ ಕಾಣುವ ಸೊನ್ನೆ ಎಂದರೆ ಅಲ್ಲಿ ಕೂರಲು ಯಾರೂ ಬರಲಿಲ್ಲ ಎಂಬ ಸುದ್ದಿ. ಇದನ್ನು ಒಬ್ಬ ಹುಡುಗಿ ನನಗೇ ವಿವರಿಸಿದಳು. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

4650 ಬರೆಯುವ ಮಕ್ಕಳಿಗೆ ಬೇಕಾದದ್ದು ಖಾಲಿ ಕುರ್ಚಿಗಳು. ನಮ್ಮ ಅಲ್ಪವಿರಾಮದ ಕ್ರಮ ಬಲದಿಂದ ಮೊದಲು ಮೂರು, ಆಮೇಲೆ ಎರಡೆರಡು. ಇದನ್ನು ನಿಯಮವೆಂದು ಬಾಯಿಪಾಠ ಮಾಡಿಸುತ್ತೇವೆ, ಅದರ ಉಪಯೋಗ ಹೇಳುವುದಿಲ್ಲ. ಉಪಯೋಗ ಇದು: ಬಲದಿಂದ ಮೊದಲ ಅಲ್ಪವಿರಾಮದ ಹೆಸರು ‘ಸಾವಿರ’, ಎರಡನೆಯದರ ಹೆಸರು ‘ಲಕ್ಷ’, ಮೂರನೆಯದು ‘ಕೋಟಿ’. 7,04,20,513 ಎಂಬುದನ್ನು ಓದುವಾಗ ಪ್ರತಿ ಅಲ್ಪವಿರಾಮದ ಹತ್ತಿರ ಅದರ ಹೆಸರು ಕೂಗಿದರೆ ಸಾಕು. ಏಳು ಕೋಟಿ, ನಾಲ್ಕು ಲಕ್ಷ, ಇಪ್ಪತ್ತು ಸಾವಿರದ ಐನೂರ ಹದಿಮೂರು. ಬರೆಯುವಾಗ ಇದನ್ನೇ ತಿರುಗಿಸಿ. ಕಿವಿಗೆ ‘ಲಕ್ಷ’ ಬಿದ್ದ ಕೂಡಲೇ ಅಲ್ಪವಿರಾಮ ಹಾಕಿ ಮುಂದೆ ಎರಡು ಗೆರೆ ಎಳೆಯಬೇಕು. ‘ಸಾವಿರ’ ಬಿದ್ದ ಕೂಡಲೇ ಅಲ್ಪವಿರಾಮ, ಮುಂದೆ ಮೂರು ಗೆರೆ. ಆರು ಸಾವಿರಕ್ಕೆ ಎರಡು ಗೆರೆಗಳಿವೆ, ಆದರೆ ಬಂದವನು ಒಬ್ಬನೇ. ಅವನು ಬಲಗಡೆ ಕೂರುತ್ತಾನೆ, ಎಡಗಡೆಯ ಕುರ್ಚಿಗೆ ಸೊನ್ನೆ. ‘ಲಕ್ಷ’ ಎಂದು ಹೇಳಿ ಸಾವಿರವನ್ನೇ ಹೇಳದಿದ್ದರೆ? ‘ಮೂರು ಲಕ್ಷದ ಎಂಟು’ ಕೊಟ್ಟು ನೋಡಿ. ಅದನ್ನು 3,00,008 ಎಂದು ಬರೆದ ಮಗುವಿಗೆ ನಿಮ್ಮ ಉಕ್ತಲೇಖನ ಇನ್ನು ಬೇಕಿಲ್ಲ.

ಉಕ್ತಲೇಖನ ಸರಿಯಾದ ಮಾತ್ರಕ್ಕೆ ಸ್ಥಾನಬೆಲೆ ತಿಳಿಯಿತು ಎಂದು ನಂಬಿಬಿಡಬೇಡಿ. ನಾನು ಹಲವು ವರ್ಷ ಹಾಗೆ ನಂಬಿ ಮೋಸ ಹೋಗಿದ್ದೇನೆ. ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: 47,350ರಲ್ಲಿ ಒಟ್ಟು ಎಷ್ಟು ಸಾವಿರಗಳಿವೆ? ತರಗತಿ ಒಕ್ಕೊರಲಿನಿಂದ ‘ಏಳು’ ಎನ್ನುತ್ತದೆ. ಸಾವಿರದ ಸ್ಥಾನದಲ್ಲಿರುವ ಅಂಕಿ ಏಳು, ನಿಜ. ಆದರೆ ಸಾವಿರಗಳು ಇರುವುದು ನಲವತ್ತೇಳು. ಹತ್ತು ಸಾವಿರದ ಮನೆಯಲ್ಲಿರುವ ನಾಲ್ಕು ಎಂದರೆ ಕಟ್ಟು ಕಟ್ಟಿಟ್ಟ ನಲವತ್ತು ಸಾವಿರಗಳೇ ತಾನೇ? ಕಟ್ಟು ಬಿಚ್ಚಿದರೆ ಅವೆಲ್ಲ ಮತ್ತೆ ಸಾವಿರಗಳೇ. ನೂರುಗಳು ಎಷ್ಟು ಎಂದರೆ 473. ಕೋಷ್ಟಕ ಮಾಡುವ ಹಾನಿ ಇದು. ಅದರ ಗೆರೆಗಳು ಮಕ್ಕಳ ತಲೆಯಲ್ಲಿ ಗೋಡೆಗಳಾಗಿಬಿಡುತ್ತವೆ. ಕೋಷ್ಟಕ ಬೇಡವೆನ್ನುತ್ತಿಲ್ಲ, ಅದು ಪಾಠದ ಕೊನೆಯಲ್ಲಿ ಬರಲಿ ಎನ್ನುತ್ತಿದ್ದೇನೆ. ಮೊದಲು ಕಡ್ಡಿಗಳು: ಹತ್ತು ಕಡ್ಡಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ಹೊರೆ. ಕಟ್ಟುವುದಕ್ಕಿಂತ ಹೆಚ್ಚಾಗಿ ಬಿಚ್ಚಿಸಿ. ಕಳೆಯುವ ಲೆಕ್ಕದಲ್ಲಿ ಸಾಲ ತೆಗೆದುಕೊಳ್ಳುವುದು ಎಂದು ನಾವು ಹೇಳುವುದೆಲ್ಲ ಈ ಬಿಚ್ಚುವ ಕೆಲಸವೇ. ಆಟದ ನೋಟುಗಳನ್ನು ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಒಂದು, ಹತ್ತು, ನೂರು, ಸಾವಿರದ ನೋಟುಗಳನ್ನು ಮಾತ್ರ ಮಾಡಿದರೆ ಬಳಸಿ. ಐದು, ಇಪ್ಪತ್ತು, ಐವತ್ತರ ನೋಟುಗಳು ಸೇರಿಕೊಂಡರೆ ಹತ್ತಕ್ಕೊಂದು ಎಂಬ ನಿಯಮ ಕಲಸಿಹೋಗುತ್ತದೆ.

ಇದೇ ಉಸಿರಿನಲ್ಲಿ ಇನ್ನೊಂದು ಬೇಡಿಕೆ. ‘ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಸೇರಿಸು’ ಎಂಬ ಸೂತ್ರವನ್ನು ದಯವಿಟ್ಟು ಹೇಳಿಕೊಡಬೇಡಿ. ಪ್ರತಿ ಅಂಕಿಯೂ ಒಂದು ಮನೆ ಎಡಕ್ಕೆ ಸರಿಯುತ್ತದೆ, ಖಾಲಿಯಾದ ಬಿಡಿಯ ಮನೆಗೆ ಸೊನ್ನೆ ಬರುತ್ತದೆ ಎನ್ನಿ. ಮುಂದೆ ದಶಮಾಂಶ ಬಂದಾಗ ಸೂತ್ರ ಕಲಿತ ಮಗು 2.5ನ್ನು ಹತ್ತರಿಂದ ಗುಣಿಸಿ 2.50 ಎಂದು ಬರೆದು ಹೆಮ್ಮೆಯಿಂದ ಪುಸ್ತಕ ತೋರಿಸುತ್ತದೆ.

ಇನ್ನು ಗಾತ್ರ. ಲಕ್ಷ ಎಂಬುದು ಸಾವಿರಕ್ಕಿಂತ ‘ಸ್ವಲ್ಪ ದೊಡ್ಡದು’ ಎಂದೇ ಮಕ್ಕಳು ತಿಳಿದಿರುತ್ತಾರೆ. ಒಂದು ಮೀಟರ್ ದಾರ ಕಟ್ಟಿ, ಒಂದು ತುದಿಗೆ 0, ಇನ್ನೊಂದಕ್ಕೆ 1,00,000 ಎಂದು ಚೀಟಿ ಸಿಕ್ಕಿಸಿ, ಸಾವಿರ ಎಲ್ಲಿ ಬರುತ್ತದೆ ಎಂದು ಕೇಳಿ. ಒಂದು ಗೇಣು ದೂರದಲ್ಲಿ ಬೆರಳಿಡುತ್ತಾರೆ. ಅದು ಬರುವುದು ಸೊನ್ನೆಯಿಂದ ಒಂದೇ ಸೆಂಟಿಮೀಟರ್ ಆಚೆ. ಮಕ್ಕಳು ನಂಬುವುದಿಲ್ಲ, ಅಳೆದು ನೋಡಲಿ. ಸೆಕೆಂಡಿಗೊಂದರಂತೆ ನಿದ್ದೆ ಮಾಡದೆ ಎಣಿಸಿದರೆ ಒಂದು ಲಕ್ಷಕ್ಕೆ ಸುಮಾರು 28 ಗಂಟೆ, ಕೋಟಿಗೆ 115 ದಿನಕ್ಕೂ ಹೆಚ್ಚು. ಈ ಲೆಕ್ಕವನ್ನು ಹೇಳಬೇಡಿ, ಮಕ್ಕಳಿಂದಲೇ ಭಾಗಾಕಾರ ಮಾಡಿಸಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊಠಡಿಯ ಮೂಲೆ. ಒಂದು ಸೆಂಟಿಮೀಟರ್ ಘನವನ್ನು ಒಂದು ಎನ್ನೋಣ. ಹತ್ತು ಘನಗಳ ಸಾಲು ಒಂದು ಕೋಲು. ಹತ್ತು ಕೋಲು ಸೇರಿದರೆ ನೂರರ ಹಲಗೆ. ಹತ್ತು ಹಲಗೆ ಪೇರಿಸಿದರೆ ಹತ್ತು ಸೆಂಟಿಮೀಟರ್ ಬದಿಯ ಘನ, ಅದು ಸಾವಿರ. ಇಲ್ಲಿಗೆ ಸಾಮಗ್ರಿ ಪೆಟ್ಟಿಗೆ ಮುಗಿಯುತ್ತದೆ, ನಾವೂ ನಿಲ್ಲಿಸಿಬಿಡುತ್ತೇವೆ. ನಿಲ್ಲಿಸಬೇಡಿ. ಸಾವಿರದ ಅಂಥ ಘನಗಳನ್ನು ಹತ್ತು ಸಾಲಾಗಿ ಇಟ್ಟರೆ ಮೀಟರ್ ಉದ್ದದ ಕೋಲು: ಹತ್ತು ಸಾವಿರ. ಹತ್ತು ಕೋಲಿಗೆ ಒಂದು ಚದರ ಮೀಟರಿನ ಹಲಗೆ: ಲಕ್ಷ. ಹತ್ತು ಹಲಗೆಗೆ ಮೀಟರ್ ಬದಿಯ ಘನ: ಹತ್ತು ಲಕ್ಷ. ಅಷ್ಟು ಘನಗಳು ಎಲ್ಲಿಂದ ಬರಬೇಕು ಎನ್ನುತ್ತೀರಾ? ಬೇಡ. ಕೊಠಡಿಯ ಮೂಲೆಯಲ್ಲಿ ನೆಲದ ಮೇಲೆ ಒಂದು, ಎರಡು ಗೋಡೆಗಳ ಮೇಲೆ ಒಂದೊಂದು, ಒಟ್ಟು ಮೂರು ಚೌಕಗಳನ್ನು, ಬದಿ ಒಂದೊಂದು ಮೀಟರ್ ಇರುವಂತೆ, ಸೀಮೆಸುಣ್ಣದಿಂದ ಎಳೆಯಿರಿ. ಘನದ ಹನ್ನೆರಡು ಅಂಚುಗಳಲ್ಲಿ ಒಂಬತ್ತು ಅಲ್ಲಿಯೇ ಸಿಕ್ಕವು. ಉಳಿದ ಮೂರಕ್ಕೆ ಒಂದು ಮೀಟರ್ ಉದ್ದದ ಮೂರು ಕೋಲುಗಳನ್ನು ಮಕ್ಕಳೇ ಹಿಡಿದುಕೊಳ್ಳಲಿ. ನಾನು ಮೊದಲ ಸಲ ಜಾಣತನ ತೋರಿಸಲು ಹೋಗಿ ಹನ್ನೆರಡು ಕೋಲುಗಳನ್ನು ದಾರದಿಂದ ಬಿಗಿದಿದ್ದೆ, ಪಾಠ ಮುಗಿಯುವ ಮೊದಲೇ ಹತ್ತು ಲಕ್ಷ ಕುಸಿದು ಬಿದ್ದಿತ್ತು. ಮೂಲೆಯೇ ವಾಸಿ. ಒಂದು ಮಗುವನ್ನು ಒಳಗೆ ಕೂರಿಸಿ, ಅದರ ಅಂಗೈ ಮೇಲೆ ಒಂದು ಸೆಂಟಿಮೀಟರಿನ ಒಂದೇ ಒಂದು ಘನ ಇಡಿ. ಒಂದಕ್ಕೂ ಹತ್ತು ಲಕ್ಷಕ್ಕೂ ಇರುವ ಅಂತರವನ್ನು ಆಮೇಲೆ ನೀವು ವಿವರಿಸಬೇಕಾಗಿಲ್ಲ. ‘ಹಾಗಾದರೆ ಕೋಟಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತು ಮೀಟರ್ ಉದ್ದದ ಕೋಲು ಅದು, ಬಾಗಿಲು ತೆರೆದು ಹೊರಗೆ ನಡೆದು ತೋರಿಸಿ.

ಮುಖಬೆಲೆ (ಎಲ್ಲಿ ಕುಳಿತರೂ ಬದಲಾಗದ ಅಂಕಿಯ ಸ್ವಂತ ಬೆಲೆ), ಸ್ಥಾನಬೆಲೆಗಳ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತದೆ, ಅರ್ಧ ಗಂಟೆ ಕೊಡಿ, ಸಾಕು. 98,765 ಮತ್ತು 1,00,002ರಲ್ಲಿ ಯಾವುದು ದೊಡ್ಡದು ಎಂಬುದಕ್ಕೆ ಹೆಚ್ಚು ಸಮಯ ಕೊಡಿ. ಒಂಬತ್ತರ ಮೋಹಕ್ಕೆ ಬೀಳುವ ಮಕ್ಕಳು ಐದನೇ ತರಗತಿಯಲ್ಲೂ ಇರುತ್ತಾರೆ.

ಮಿಲಿಯನ್ ವಿಷಯ: ಲಕ್ಷದ ಜೊತೆಯಲ್ಲಿ ಬೇಡ. ಎರಡು ಬಗೆಯ ಅಲ್ಪವಿರಾಮಗಳನ್ನು ಒಂದೇ ವಾರದಲ್ಲಿ ಕಲಿಸಿದರೆ ಎರಡೂ ಕೆಡುತ್ತವೆ. ಮೂಲೆಯ ಘನ ನೋಡಿದ ಮೇಲೆ ಕಲಿಸಿ, ಆಗ ಅದು ಹತ್ತು ನಿಮಿಷದ ಕೆಲಸ. ಆಕಾರಗಳ ಕ್ರಮ ನೆನಪಿಸಿಕೊಳ್ಳಿ: ಘನ, ಕೋಲು, ಹಲಗೆ, ಮತ್ತೆ ಘನ, ಕೋಲು, ಹಲಗೆ, ಮತ್ತೆ ಘನ. ಮೂರು ಹೆಜ್ಜೆಗೊಮ್ಮೆ ಘನ ಬರುತ್ತದೆ. ಅಂತರರಾಷ್ಟ್ರೀಯ ಪದ್ಧತಿಯವರು ಪ್ರತಿ ಘನಕ್ಕೂ ಹೊಸ ಹೆಸರಿಟ್ಟು, 1,000,000 ಎಂದು ಮೂರು ಮೂರಕ್ಕೆ ಅಲ್ಪವಿರಾಮ ಹಾಕಿದರು. ನಾವು ನಡುವಿನ ದೊಡ್ಡ ಹಲಗೆಗೂ ಲಕ್ಷವೆಂಬ ಹೆಸರಿಟ್ಟೆವು, ಅದೇ ಸಂಖ್ಯೆಯನ್ನು 10,00,000 ಎಂದು ಬರೆಯುತ್ತೇವೆ. ಅಂಕಿ ಒಂದೂ ಬದಲಾಗಿಲ್ಲ.

ನಾಳೆಯ ತರಗತಿಗೆ ಲಕ್ಷವನ್ನು ಒಯ್ಯಬೇಡಿ. ‘ನೂರ ಐದು’, ‘ಸಾವಿರದ ಐದು’ ಎರಡನ್ನೇ ಬರೆಸಿ. ಎಷ್ಟು ಮಕ್ಕಳು 10005 ಎಂದರು, ಎಷ್ಟು ಮಕ್ಕಳು 15 ಎಂದರು ಎಂದು ಎಣಿಸಿ ಇಲ್ಲಿಯೇ ಕೆಳಗೆ ಬರೆಯಿರಿ. ಕಾರ್ಡುಗಳನ್ನು ಎಷ್ಟು ಜೊತೆ ಕತ್ತರಿಸಬೇಕು ಎಂದು ಆಮೇಲೆ ಹೇಳುತ್ತೇನೆ.