ಎರಡು ದೇಶದ ಖಾತೆಗಳು, ಎರಡು ಬಗೆಯ ಕಾನೂನು

ನ್ಯೂಜೆರ್ಸಿಯಲ್ಲಿ ಖಾತೆ ತೆರೆಯುವಾಗ ನಿಮ್ಮ ನಂತರ ಹಣ ಯಾರಿಗೆ ಸೇರಬೇಕೆಂದು ಕೇಳಿದರು, ಆ ಜಾಗವನ್ನು ಖಾಲಿ ಬಿಟ್ಟು ಬಂದೆ, ಮೈಸೂರಿನ ಖಾತೆಗೆ ತಾಯಿಯವರೇ ನಾಮಿನಿ ಆಗಿರುವುದರಿಂದ ಅಷ್ಟು ಸಾಲದೇ ಎಂದು ಕೇಳಿದ್ದೀರಿ. ಸಾಲದು. ಚಿಕ್ಕ ವಯಸ್ಸಿನಲ್ಲಿ ಇಂಥ ಮಾತು ಕಿವಿಗೆ ಹಿತವಲ್ಲವೆಂದು ನನಗೂ ಗೊತ್ತು. ಮಂಡ್ಯದ ನಮ್ಮ ಮನೆಯಲ್ಲಿ ಇದನ್ನು ಎತ್ತಿದರೆ ಹಿರಿಯರು "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಹೆಂಡತಿ ಮತ್ತು ಮಗು ಕುವೆಂಪುನಗರದಲ್ಲಿ, ತಾಯಿ ಮದ್ದೂರಿನಲ್ಲಿ, ದುಡಿಮೆ ಇಲ್ಲಿ ಎನ್ನುವ ಸ್ಥಿತಿಯಲ್ಲಿರುವ ನೀವು ಇದನ್ನು ಮುಂದೂಡಬಾರದು.

ಮೊದಲು ಊರಿನ ಖಾತೆಯ ವಿಚಾರ. ಭಾರತದಲ್ಲಿ ನಾಮಿನಿಯಾದವರು ಬ್ಯಾಂಕಿನಿಂದ ಹಣ ಪಡೆಯಬಹುದೇ ಹೊರತು ಆ ಹಣಕ್ಕೆ ಒಡೆಯರಾಗುವುದಿಲ್ಲ. ವಾರಸುದಾರರಿಗೆ ಅದನ್ನು ತಲುಪಿಸುವ ಹೊಣೆ ಅವರ ಮೇಲಿರುತ್ತದೆ. ಬ್ಯಾಂಕ್ ಠೇವಣಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ನೀವು ವಿಲ್ ಬರೆಯದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಬರುತ್ತದೆ. ಅಂದರೆ ತಾಯಿಯವರ ಕೈಗೆ ಬಂದ ಹಣದಲ್ಲಿ ಮೂರನೇ ಎರಡು ಭಾಗ ಸೊಸೆಗೂ ಮೊಮ್ಮಗುವಿಗೂ ಸೇರಿದ್ದು. ಅತ್ತೆ ಸೊಸೆಯರು ಎಷ್ಟೇ ಅನ್ಯೋನ್ಯವಾಗಿರಲಿ, ಅಂಥ ದುಃಖದ ಹೊತ್ತಿನಲ್ಲಿ ಅವರನ್ನು ಪಾಲಿನ ಲೆಕ್ಕಕ್ಕೆ ಕೂರಿಸುವುದು ನ್ಯಾಯವಲ್ಲ ಎಂದು ನನ್ನ ಬಲವಾದ ಅಭಿಪ್ರಾಯ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ಶೇಕಡಾ ಎಷ್ಟು ಎಂದು ನಮೂದಿಸಲು ಅವಕಾಶವಿರುವುದರಿಂದ, ಹೆಂಡತಿಯ ಹೆಸರನ್ನೂ ಸೇರಿಸಿ, ಅದಕ್ಕೆ ಹೊಂದುವಂತೆ ವಿಲ್ ಬರೆಯಿರಿ.

ನಿಮ್ಮ ಖಾತೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಕಾಲದ್ದೆಂದು ಬರೆದಿದ್ದೀರಿ. ಆ ಬ್ಯಾಂಕ್ 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ವಿಲೀನವಾಯಿತು. ಕಾಲೇಜಿನ ದಿನಗಳಲ್ಲಿ ಕೊಟ್ಟ ನಾಮಿನಿ ಹೆಸರು ಈಗಿನ ದಾಖಲೆಯಲ್ಲಿ ಇದೆಯೆಂದು ಊಹಿಸಿಕೊಂಡು ಕೂರಬೇಡಿ. ಹೆಂಡತಿಯವರಿಗೆ ಹೇಳಿ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ, ನಿಮ್ಮ ಹೆಸರು ವಿಳಾಸಗಳ ಹತ್ತಿರ, ನಾಮಿನೇಷನ್ ನೋಂದಣಿಯಾಗಿದೆ ಎಂಬ ಸಾಲು ಅಚ್ಚಾಗಿದೆಯೇ ಎಂದು ನೋಡಿಸಿ. ಹೇಗೂ ನೀವು ಅನಿವಾಸಿಯಾದ ಮೇಲೆ ಆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳಿಗೆಂದೇ ಇರುವ ರೂಪಾಯಿ ಖಾತೆಯಾಗಿ, ಬದಲಾಯಿಸಲೇಬೇಕು. ಆ ಅರ್ಜಿಯ ಜೊತೆಯಲ್ಲೇ ನಾಮಿನಿ ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಲ್ಲಿನ ಖಾತೆಯ ರೀತಿಯೇ ಬೇರೆ. ನೀವು ಖಾಲಿ ಬಿಟ್ಟ ಆ ಜಾಗದಲ್ಲಿ ಯಾರ ಹೆಸರು ಬರೆಯುತ್ತೀರೋ, ನಿಮ್ಮ ನಂತರ ಹಣ ಅವರ ಸ್ವಂತದ್ದೇ ಆಗುತ್ತದೆ. ಮರಣ ಪ್ರಮಾಣಪತ್ರ ಮತ್ತು ತಮ್ಮ ಗುರುತಿನ ದಾಖಲೆ ತೋರಿಸಿ ಅವರು ಹಣ ಪಡೆಯಬಹುದು, ಕೋರ್ಟಿಗೆ ಹೋಗಬೇಕಿಲ್ಲ, ಮತ್ತು ವಿಲ್‌ನಲ್ಲಿ ಬೇರೆಯವರ ಹೆಸರಿದ್ದರೂ ಸಾಮಾನ್ಯವಾಗಿ ಖಾತೆಯಲ್ಲಿರುವ ಹೆಸರಿಗೇ ಬೆಲೆ. ಆ ಜಾಗವೂ ಖಾಲಿ, ವಿಲ್ಲೂ ಇಲ್ಲ ಎಂದಾದರೆ ತೀರಿಕೊಂಡವರ ಆಸ್ತಿಯ ವಿಲೇವಾರಿ ನೋಡಿಕೊಳ್ಳುವ, ಕೌಂಟಿಯ (ಇಲ್ಲಿನ ಜಿಲ್ಲೆಯ) ಸರೊಗೇಟ್ ಕಚೇರಿಯ ಮೂಲಕ ಸಾಗಬೇಕಾಗುತ್ತದೆ. ಮೈಸೂರಿನಲ್ಲಿ ಕುಳಿತ ಹೆಂಡತಿಗೆ ಅದು ಎಷ್ಟು ಕಷ್ಟವೆಂದು ನೀವೇ ಯೋಚಿಸಿ. ಇನ್ನೊಂದು ಮುಖ್ಯ ಸಂಗತಿಯೆಂದರೆ, ವಿಲ್ ಇಲ್ಲದೆ ತೀರಿಕೊಂಡವರಿಗೆ ಹೆಂಡತಿಯೂ ಅವಳಿಂದಲೇ ಹುಟ್ಟಿದ ಮಕ್ಕಳೂ ಇದ್ದರೆ, ನ್ಯೂಜೆರ್ಸಿಯ ಕಾನೂನು ಎಲ್ಲವನ್ನೂ ಹೆಂಡತಿಗೇ ಕೊಡುತ್ತದೆ, ತಾಯಿಗೆ ಏನೂ ಬರುವುದಿಲ್ಲ. ತಾಯಿಯವರ ಔಷಧಿ, ಮನೆಖರ್ಚು ನಿಮ್ಮ ಹಣದಿಂದಲೇ ನಡೆಯುತ್ತಿದೆ ಎಂದು ಹೇಳಿದ್ದರಿಂದ, ಆ ಜಾಗದಲ್ಲಿ ಅವರ ಹೆಸರು ಬರೆದ ಒಂದು ಪ್ರತ್ಯೇಕ ಉಳಿತಾಯ ಖಾತೆಯನ್ನು ಇಲ್ಲಿ ಇಡುವುದು ಒಳ್ಳೆಯದು. ಮಗುವಿನ ಹೆಸರನ್ನು ನೇರವಾಗಿ ಬರೆಯಬೇಡಿ. ಅಪ್ರಾಪ್ತ ವಯಸ್ಕರ ಹಣಕ್ಕೆ ಕೋರ್ಟು ಪೋಷಕರನ್ನು ನೇಮಿಸುವ ತನಕ ಅದು ಅಲ್ಲಿಯೇ ನಿಲ್ಲಬಹುದು. ಕಂಪನಿಯ ನಿವೃತ್ತಿ ಖಾತೆಯಲ್ಲಿ ಸಾಮಾನ್ಯವಾಗಿ ಹೆಂಡತಿಗೇ ಮೊದಲ ಹಕ್ಕು. ಆದರೂ ಹೆಸರು ಬರೆದಿಡಿ.

ಬಾಡಿಗೆ ಕಟ್ಟಲು ಸುಲಭವಾಗುತ್ತದೆಂದು ರೂಮಿನ ಗೆಳೆಯನ ಜೊತೆ ಜಂಟಿ ಖಾತೆ ತೆರೆಯುವ ಯೋಚನೆಯನ್ನು ದಯವಿಟ್ಟು ಬಿಡಿ. ಇಲ್ಲಿ ಜಂಟಿ ಖಾತೆಯ ಹಣ ಸಾಮಾನ್ಯವಾಗಿ ಉಳಿದ ಖಾತೆದಾರನಿಗೆ ಪೂರ್ತಿಯಾಗಿ ಸೇರುತ್ತದೆ. ಹಾಗೆಯೇ ತಮ್ಮನಿಗೆ ಕೊಟ್ಟಿರುವ ಪವರ್ ಆಫ್ ಅಟಾರ್ನಿ ನೀವು ಬದುಕಿರುವ ತನಕ ಮಾತ್ರ ಊರ್ಜಿತ. ಅದರ ನಂತರವೂ ಅವನು ನಿಮ್ಮ ಚೆಕ್ಕಿಗೆ ಸಹಿ ಹಾಕಿದರೆ, ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದರೂ, ತೊಂದರೆಗೆ ಸಿಕ್ಕಿಕೊಳ್ಳುತ್ತಾನೆ.

ವಿಲ್ ವಿಷಯದಲ್ಲಿ ನನ್ನ ಸಲಹೆ ಎರಡು ಪ್ರತ್ಯೇಕ ವಿಲ್‌ಗಳು: ಭಾರತದ ಆಸ್ತಿಗೆ ಒಂದು, ಇಲ್ಲಿಯದಕ್ಕೆ ಇನ್ನೊಂದು. ಇಲ್ಲಿನ ವಕೀಲರ ಸಿದ್ಧ ನಮೂನೆಯ ಆರಂಭದಲ್ಲಿಯೇ "ಈ ಹಿಂದೆ ಬರೆದ ಎಲ್ಲ ವಿಲ್‌ಗಳನ್ನೂ ರದ್ದುಗೊಳಿಸಿದ್ದೇನೆ" ಎಂಬರ್ಥದ ವಾಕ್ಯ ಸಾಮಾನ್ಯವಾಗಿ ಇರುತ್ತದೆ. ಅದನ್ನು ತಿದ್ದಿಸದೆ ಸಹಿ ಹಾಕಿದರೆ ಮೈಸೂರಿನಲ್ಲಿ ಮಾಡಿಸಿದ ವಿಲ್ ಕೂಡ ಬಿದ್ದುಹೋಗಬಹುದು. ಆದ್ದರಿಂದ ಆ ವಾಕ್ಯವನ್ನು ಅಮೆರಿಕದ ಆಸ್ತಿಗೆ ಮಾತ್ರ ಸೀಮಿತಗೊಳಿಸುವಂತೆ ವಕೀಲರಿಗೆ ಬರವಣಿಗೆಯಲ್ಲಿಯೇ ತಿಳಿಸಿ. ಭಾರತದ ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೂ ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ಸಾಕ್ಷಿಗಳಾಗಿ ನಿಮಗಿಂತ ಕಿರಿಯರಾದ, ಪಾಲಿಲ್ಲದ ಇಬ್ಬರನ್ನು ಕರೆದೊಯ್ಯಿರಿ. ಖಾತೆಗಳ ಪಟ್ಟಿಯೊಂದನ್ನು, ಬ್ಯಾಂಕು ಮತ್ತು ಶಾಖೆಯ ಹೆಸರಿನೊಂದಿಗೆ, ಕನ್ನಡದಲ್ಲಿಯೇ ಬರೆದು ಹೆಂಡತಿಯ ಕೈಗೆ ಕೊಡಿ. ಅದರಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಇಲ್ಲಿ ಕೊಡುವ ಮರಣ ಪ್ರಮಾಣಪತ್ರವನ್ನು ಊರಿನ ಬ್ಯಾಂಕಿನಲ್ಲಿ ಬಳಸಲು ಅದಕ್ಕೆ ಸಾಮಾನ್ಯವಾಗಿ ಅಪೊಸ್ಟಿಲ್ ಮುದ್ರೆ (ಬೇರೆ ದೇಶದಲ್ಲಿ ಬಳಸಲು ದಾಖಲೆ ಅಸಲಿಯೆಂದು ಸರ್ಕಾರ ಹಾಕಿಕೊಡುವ ಮುದ್ರೆ) ಬೇಕಾಗುತ್ತದೆ ಎಂಬುದನ್ನೂ ಆ ಪಟ್ಟಿಯ ಕೆಳಗೆ ಬರೆಯಿರಿ. ಇಲ್ಲಿನ ಬ್ಯಾಂಕಿನ ಖಾಲಿ ಜಾಗವನ್ನು ತುಂಬಲು ಮಾತ್ರ ರಜೆಗೆ ಕಾಯಬೇಡಿ, ಈ ವಾರವೇ ತುಂಬಿಬಿಡಿ.