ಎಷ್ಟು ಎಚ್ಚರಿಸಿದರೂ ಎಡವುವ ಮಗು: ಆಟಿಸಂ ಮತ್ತು ಚಲನೆಯ ತೊಡಕು

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. 4ನೇ ವಯಸ್ಸಿನಲ್ಲಿ ಆಟಿಸಂ ಇದೆಯೆಂದು ತಿಳಿಯಿತು. ಮಾತು, ಓದು ಎರಡೂ ಚೆನ್ನಾಗಿ ಸುಧಾರಿಸಿವೆ. ಆದರೆ ನಡೆಯುವಾಗ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾನೆ, ಲೋಟ ಕೈಜಾರಿ ಬೀಳುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು, ಎಸೆದ ಚೆಂಡು ಎದೆಗೆ ಬಡಿದ ಮೇಲೆ ಕೈ ಮುಂದೆ ಬರುತ್ತದೆ. ಇಷ್ಟಾದರೂ ಚಿಕ್ಕ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸುತ್ತಾ ಗಂಟೆಗಟ್ಟಲೆ ಕೂರುತ್ತಾನೆ, ಒಂದೂ ತಪ್ಪುವುದಿಲ್ಲ. ಇದು ಗಮನವಿಲ್ಲದಿರುವುದೋ, ಸೋಮಾರಿತನವೋ, ಬೇರೆ ಕಾಯಿಲೆಯೋ? ದೊಡ್ಡವನಾದಂತೆ ಸರಿಹೋಗುತ್ತದೆಯೇ?

ಉತ್ತರ: ನಿಮಗೆ ವಿಚಿತ್ರವೆನಿಸಿದ ಆ ಇಟ್ಟಿಗೆ ಜೋಡಿಸುವ ಸಂಗತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಆಟಿಸಂನಷ್ಟೇ ಹಳೆಯ ಗಮನಿಕೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳನ್ನು ವರ್ಣಿಸಿ ಬರೆದ ಪ್ರಬಂಧದಲ್ಲಿಯೇ, ಅವರಲ್ಲಿ ಹಲವರ ನಡಿಗೆ ಮತ್ತು ದೊಡ್ಡ ಚಲನೆಗಳು ಒಡ್ಡೊಡ್ಡಾಗಿದ್ದರೂ ಬೆರಳಿನ ನಾಜೂಕು ಕೆಲಸದಲ್ಲಿ ಅವರೆಲ್ಲ ಚುರುಕಾಗಿದ್ದರು ಎಂಬ ಮಾತಿದೆ. ಮರುವರ್ಷ ಆಸ್ಟ್ರಿಯಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಕೂಡ ತಾವು ಕಂಡ ಮಕ್ಕಳ ಚಲನೆಯ ತೊಡಕನ್ನು ದಾಖಲಿಸಿದರು. ಆಮೇಲಿನ ದಶಕಗಳಲ್ಲಿ ಎಲ್ಲರ ಗಮನವೂ ಮಾತು, ನೋಟ, ಒಡನಾಟಗಳ ಕಡೆಗೆ ಹರಿದು, ಮೈಯ ವಿಷಯ ಅಂಚಿಗೆ ಸರಿಯಿತು. 1994ರ ಅಮೆರಿಕನ್ ಮನೋವೈದ್ಯಕೀಯ ಸಂಘದ ಕೈಪಿಡಿಯ ಪ್ರಕಾರ, ಆಟಿಸಂ ಎಂದು ಗುರುತಿಸಿದ ಮಗುವಿಗೆ ಡಿಸ್‌ಪ್ರಾಕ್ಸಿಯಾ, ಅಂದರೆ ಬೆಳವಣಿಗೆಯ ಹಂತದ ಚಲನಾ ಹೊಂದಾಣಿಕೆಯ ತೊಂದರೆ ಇದೆಯೆಂದು ಪ್ರತ್ಯೇಕವಾಗಿ ಗುರುತಿಸುವಂತಿರಲಿಲ್ಲ. 2013ರ ಐದನೇ ಆವೃತ್ತಿ ಆ ತಡೆಯನ್ನು ತೆಗೆದುಹಾಕಿತು. ನಿಮ್ಮ ಮಗನಂಥ ಮಕ್ಕಳ ಎಡವಾಟವನ್ನು 'ಅದೂ ಆಟಿಸಂನ ಒಂದು ಭಾಗ ಬಿಡಿ' ಎಂದು ಹೇಳಿ ಕಳುಹಿಸುವ ರೂಢಿ ಇನ್ನೂ ಉಳಿದಿರುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಇದು ಅಪರೂಪವೇನೂ ಅಲ್ಲ. ಆಟಿಸಂ ಇರುವ 11 ಸಾವಿರಕ್ಕೂ ಹೆಚ್ಚು ಮಕ್ಕಳ ಪೋಷಕರು ತುಂಬಿಕೊಟ್ಟ ಪ್ರಶ್ನಾವಳಿಗಳನ್ನು ಆಧರಿಸಿ 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶೇ 85ಕ್ಕಿಂತ ಹೆಚ್ಚು ಮಕ್ಕಳಲ್ಲಿ ಚಲನೆಯ ತೊಂದರೆಯ ಸೂಚನೆ ಕಂಡುಬಂದಿತ್ತು. ಪ್ರಶ್ನಾವಳಿ ಎಂದರೆ ತಪಾಸಣೆಯಲ್ಲ, ನಿಜ. ಆದರೂ ಶಾಲಾ ವಯಸ್ಸಿನ ಒಟ್ಟು ಮಕ್ಕಳಲ್ಲಿ ಡಿಸ್‌ಪ್ರಾಕ್ಸಿಯಾ ಶೇ 5ರಿಂದ 6ರಷ್ಟು ಎಂಬ ಅಂದಾಜಿನ ಪಕ್ಕದಲ್ಲಿಟ್ಟು ನೋಡಿದರೆ ಅಂತರ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಇನ್ನು ಚೆಂಡಿನ ವಿಚಾರ. ಚೆಂಡು ಹಿಡಿಯುವವನು ನಿಜವಾಗಿ ಚೆಂಡಿನ ಕಡೆಗೆ ಕೈಚಾಚುವುದಿಲ್ಲ. ಅರ್ಧ ಕ್ಷಣದ ನಂತರ ಚೆಂಡು ಎಲ್ಲಿರುತ್ತದೋ ಆ ಜಾಗಕ್ಕೆ ಚಾಚುತ್ತಾನೆ. ಕಣ್ಣು ಕೊಟ್ಟ ಸುದ್ದಿಯನ್ನೂ ತೋಳು ಈಗ ಎಲ್ಲಿದೆ ಎಂದು ಸ್ನಾಯು ಮತ್ತು ಕೀಲುಗಳು ಕೊಡುವ ಸುದ್ದಿಯನ್ನೂ ಬೆಸೆದು ಮುಂದಿನದನ್ನು ಮೊದಲೇ ಊಹಿಸುವ ಈ ಲೆಕ್ಕದಲ್ಲಿ ಕಿರುಮೆದುಳಿಗೆ ದೊಡ್ಡ ಪಾತ್ರವಿದೆ, ಮತ್ತು ಆಟಿಸಂ ಇದ್ದವರ ಮೆದುಳಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ವ್ಯತ್ಯಾಸ ಕಾಣಿಸಿಕೊಂಡ ಭಾಗಗಳಲ್ಲಿ ಅದೂ ಒಂದು. 2009ರ ಒಂದು ಪ್ರಯೋಗದಲ್ಲಿ ಮಕ್ಕಳು ಯಂತ್ರದ ತೋಳೊಂದನ್ನು ಹಿಡಿದು ಗುರಿಯತ್ತ ಸರಿಸುವುದನ್ನು ಕಲಿಯಬೇಕಿತ್ತು. ಆಟಿಸಂ ಇದ್ದ ಮಕ್ಕಳೂ ಅದನ್ನು ಕಲಿತರು. ಆದರೆ ಹಾಗೆ ಕಲಿಯುವಾಗ ಅವರು ಕಣ್ಣು ಕೊಡುವ ಸುದ್ದಿಗಿಂತ ತಮ್ಮ ಮೈಯೊಳಗಿನ ಸುದ್ದಿಯನ್ನೇ ಇತರ ಮಕ್ಕಳಿಗಿಂತ ಹೆಚ್ಚಾಗಿ ನೆಚ್ಚಿದ್ದರು. ಪ್ಲಾಸ್ಟಿಕ್ ಇಟ್ಟಿಗೆ ಕೈಯಲ್ಲೇ ಇರುತ್ತದೆ, ಕೂತಲ್ಲೇ ಕೂತಿರುತ್ತದೆ, 'ಟಕ್' ಎಂದು ಕೂಡಿಕೊಂಡಿದ್ದು ಬೆರಳಿಗೆ ಗೊತ್ತಾಗುತ್ತದೆ. ಚೆಂಡು ಹಾಗಲ್ಲ, ಅದು ಬಂದು ತಾಗುವವರೆಗೆ ಬರೀ ಕಣ್ಣಿನ ವಿಷಯ. ನಿಮ್ಮ ಮಗ ಒಂದರಲ್ಲಿ ಜಾಣನಾಗಿ ಇನ್ನೊಂದರಲ್ಲಿ ಸೋಲುವುದನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆ. ಆದ್ದರಿಂದ ಇದು ಸೋಮಾರಿತನವಲ್ಲ, ಮತ್ತು 'ನೋಡಿಕೊಂಡು ನಡಿ' ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದರಿಂದ ಅವನ ಗಮನ ಕಾಲಿನಿಂದ ನಿಮ್ಮ ದನಿಯ ಕಡೆಗೆ ಹೊರಳುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಕಲಿಸುವುದು ಹೇಗೆ? ಬೇಕಾದ ಕೆಲಸವನ್ನೇ, ಅದು ನಡೆಯುವ ಜಾಗದಲ್ಲಿಯೇ, ತುಂಡು ತುಂಡಾಗಿ ಮಾಡಿಸಿ. ಉಯ್ಯಾಲೆ, ಸಮತೋಲನದ ಹಲಗೆ, ಮೈಯುಜ್ಜುವ ಬ್ರಷ್ ಮುಂತಾದ ಸಾಮಾನ್ಯ ವ್ಯಾಯಾಮಗಳಿಂದ ಗುಂಡಿ ಹಾಕುವುದು ತಾನಾಗಿ ಬಂದೀತೆಂದು ಕಾಯಬೇಡಿ. 2019ರ ಅಂತರರಾಷ್ಟ್ರೀಯ ಶಿಫಾರಸುಗಳೂ ಡಿಸ್‌ಪ್ರಾಕ್ಸಿಯಾ ಇರುವ ಮಕ್ಕಳಿಗೆ ನೇರವಾಗಿ ಬೇಕಾದ ಚಟುವಟಿಕೆಯನ್ನೇ ಕಲಿಸುವ ವಿಧಾನದ ಪರವಾಗಿವೆ. ಮಗುವಿಗೆ ಉಯ್ಯಾಲೆ ಇಷ್ಟವಿದ್ದರೆ ಆಡಲಿ, ಅದಕ್ಕೆ ಚಿಕಿತ್ಸೆಯೆಂಬ ಹೆಸರೇ ಬೇಕೆಂದಿಲ್ಲ.

ಗುಂಡಿಯನ್ನೇ ತೆಗೆದುಕೊಳ್ಳಿ. ಮೊದಲ ಎರಡು ವಾರ ಅಂಗಿಯನ್ನು ಅವನ ತೊಡೆಯ ಮೇಲೆ ಹರಡಿ, ದೊಡ್ಡ ಗುಂಡಿಯನ್ನು ಬಿಚ್ಚುವುದನ್ನು ಮಾತ್ರ ಮಾಡಿಸಿ, ಏಕೆಂದರೆ ಹಾಕುವುದಕ್ಕಿಂತ ಬಿಚ್ಚುವುದು ಸುಲಭ. ಆಮೇಲೆ ನೀವೇ ಗುಂಡಿಯನ್ನು ಕಾಜದೊಳಗೆ ಮುಕ್ಕಾಲು ತೂರಿಸಿ, ಕೊನೆಯ ಎಳೆತವನ್ನು ಮಾತ್ರ ಅವನಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ಅರ್ಧ ತೂರಿಸಿ ಬಿಡಿ, ನಂತರ ಕಾಜದ ಬಾಯಿಗೆ ತಂದು ಬಿಡಿ. ಹೀಗೆ ಕೊನೆಯಿಂದ ಹಿಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಅವನ ಕೈಯಲ್ಲೇ. ಅಂಗಿ ತೊಟ್ಟ ಮೇಲೆ ಕೆಳಗಿನ ಗುಂಡಿಯಿಂದ ಆರಂಭಿಸಲಿ. ಕುತ್ತಿಗೆಯ ಗುಂಡಿ ಅವನ ಕಣ್ಣಿಗೇ ಬೀಳುವುದಿಲ್ಲ. ಮಾಡಿ ತೋರಿಸುವಾಗ ಎದುರಿಗೆ ನಿಲ್ಲದೆ ಬೆನ್ನ ಹಿಂದೆ ಕೂತು, ಅವನು ಒಪ್ಪಿದರೆ ಅವನ ಕೈಯ ಮೇಲೆ ನಿಮ್ಮ ಕೈಯಿಟ್ಟು ಮಾಡಿಸಿ. ಕೆಲವು ಮಕ್ಕಳಿಗೆ ಮುಟ್ಟುವುದೇ ಹಿಂಸೆ; ಅಂಥವರನ್ನು ಬಲವಂತಪಡಿಸಬಾರದು.

ಸೈಕಲ್ ಕಲಿಸುವುದಿದ್ದರೆ ಪಕ್ಕದ ಸಣ್ಣ ಚಕ್ರಗಳಿಗಿಂತ, ಪೆಡಲ್ ಬಿಚ್ಚಿ ಸೀಟು ತಗ್ಗಿಸಿ ಕಾಲಿನಿಂದ ನೆಲ ಒದ್ದುಕೊಂಡು ಹೋಗುವುದನ್ನು ಮೊದಲು ಕಲಿಸುವುದು ಒಳ್ಳೆಯದು. ಆಟಗಳಲ್ಲಿ ಈಜು, ನಡಿಗೆ, ಓಟ ಹಿತವಾಗಬಹುದು, ಏಕೆಂದರೆ ಅಲ್ಲಿ ಹತ್ತು ಜನರ ಚಲನೆಯನ್ನು ಊಹಿಸುವ ಹೊರೆಯಿಲ್ಲ. ಲೇಸಿನ ಬದಲು ಪಟ್ಟಿ ಅಂಟಿಸುವ ಶೂ, ಬರವಣಿಗೆ ತೀರಾ ನಿಧಾನವಾದರೆ ಕೀಬೋರ್ಡ್, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ: ಇವುಗಳನ್ನು ಕೇಳಲು ಹಿಂಜರಿಯಬೇಡಿ.

ದೊಡ್ಡವನಾದಂತೆ ತಾನಾಗಿ ಸರಿಹೋಗುತ್ತದೆ ಎಂದು ಹೇಳಲಾರೆ. ಡಿಸ್‌ಪ್ರಾಕ್ಸಿಯಾ ಇರುವ ಮಕ್ಕಳಲ್ಲಿ ಶೇ 50ರಿಂದ 70ರಷ್ಟು ಮಂದಿಗೆ ಹದಿಹರೆಯದಲ್ಲೂ ತೊಂದರೆ ಉಳಿಯುತ್ತದೆಂಬ ಅಂದಾಜಿದೆ. ಆದರೆ ಕಲಿತ ಕೆಲಸ ಕಲಿತದ್ದೇ. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ತರಬೇತಿ ಕೊಡುವ ತಜ್ಞರು) ಅಥವಾ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಒಮ್ಮೆ ಕ್ರಮಬದ್ಧವಾದ ಪರೀಕ್ಷೆ ಮಾಡಿಸಿ, ಕಣ್ಣಿನ ಪರೀಕ್ಷೆಯನ್ನೂ ಬಿಡಬೇಡಿ.

ಬೇರೆ ಕಾಯಿಲೆಯೇ ಎಂಬ ನಿಮ್ಮ ಅನುಮಾನಕ್ಕೆ ಬರುತ್ತೇನೆ. ಮೊದಲಿನಿಂದಲೂ ಹೀಗೇ ಇದ್ದು ನಿಧಾನವಾಗಿಯಾದರೂ ಸುಧಾರಿಸುತ್ತಿದ್ದರೆ ಗಾಬರಿ ಬೇಡ. ಆದರೆ ಬರುತ್ತಿದ್ದ ಕೆಲಸ ಬಾರದಂತಾದರೆ, ಒಂದೇ ಪಕ್ಕದ ಕೈಕಾಲು ಸೋತರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿಕೊಂಡು ಏಳುತ್ತಿದ್ದರೆ, ತುದಿಗಾಲಲ್ಲಿ ನಡೆಯುತ್ತಾ ಹಿಮ್ಮಡಿ ನೆಲಕ್ಕೆ ತಾಗದಷ್ಟು ಬಿಗಿಯಾದರೆ, ಬೆಳಗಿನ ತಲೆನೋವಿನೊಂದಿಗೆ ವಾಂತಿಯಾದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು. ಮಗು ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಗಮನಿಸಿ: ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಕೈ ನಡುಗಿಸಬಹುದು, ತೀವ್ರ ಸಿಡುಕಿಗೆ ಕೊಡುವ ರಿಸ್ಪೆರಿಡೋನ್ ಸ್ನಾಯುಗಳನ್ನು ಬಿಗಿಗೊಳಿಸಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ಇನ್ನೊಂದು ಸಂಗತಿ ಸುಲಭವಾಗಿ ತಪ್ಪಿಹೋಗುತ್ತದೆ: ಎರಡು ಮೂರು ಬಗೆಯ ಆಹಾರ ಮಾತ್ರ ತಿನ್ನುವ ಮಗು ಕಾಲುನೋವೆಂದು ನಡೆಯಲು ಒಲ್ಲದೆ, ವಸಡಿನಲ್ಲಿ ರಕ್ತ ಕಾಣಿಸಿಕೊಂಡರೆ ಅದು ವಿಟಮಿನ್ ಸಿ ಕೊರತೆಯಿರಬಹುದು.

ಪ್ರಶ್ನೆ: ನನಗೆ 31 ವರ್ಷ. ಆಟಿಸಂ ಇದೆಯೆಂದು ಗೊತ್ತಾದದ್ದು ಮೂರು ವರ್ಷಗಳ ಹಿಂದೆ. ಮೇಜಿನ ಮೂಲೆ ತಾಗಿ ಕಾಲ ಮೇಲೆ ಸದಾ ನೀಲಿಗಟ್ಟಿದ ಕಲೆಗಳಿರುತ್ತವೆ, ಸಂಜೆಯ ಹೊತ್ತಿಗೆ ಇನ್ನೂ ಹೆಚ್ಚು ಎಡವುತ್ತೇನೆ. ಈ ವಯಸ್ಸಿನಲ್ಲಿ ಏನಾದರೂ ಮಾಡಬಹುದೇ? ಕಾರು ಕಲಿಯುವ ಆಸೆಯಿದೆ, ಧೈರ್ಯವಿಲ್ಲ.

ಉತ್ತರ: ಮಾಡಬಹುದು. ಸಂಜೆ ಹೆಚ್ಚಾಗುವುದನ್ನು ಗಮನಿಸಿದ್ದೀರಿ, ಅದೇ ಮುಖ್ಯ ಸುಳಿವು. ಇತರರಿಗೆ ತಾನಾಗಿ ನಡೆಯುವ ಚಲನೆಯನ್ನು ನೀವು ಯೋಚಿಸಿ ನಡೆಸುತ್ತಿರುವುದರಿಂದ, ಗದ್ದಲ, ಬೆಳಕು, ಮಾತುಕತೆಗಳಲ್ಲಿ ಗಮನ ಖರ್ಚಾದಷ್ಟೂ ಕಾಲಿಗೆ ಉಳಿಯುವುದು ಕಡಿಮೆ. ಬಿಸಿ ಪಾತ್ರೆ, ಚಾಕು, ಏಣಿಯ ಕೆಲಸಗಳನ್ನು ಬೆಳಗಿನ ಹೊತ್ತಿಗೆ ಹಾಕಿಕೊಳ್ಳಿ. ಆಗ ಯಾರೊಂದಿಗೂ ಮಾತಾಡದಿದ್ದರೆ ಇನ್ನೂ ಒಳ್ಳೆಯದು. ಆಟಿಸಂ ಇದ್ದವರಲ್ಲಿ ಕೀಲುಗಳು ಅತಿಯಾಗಿ ಸಡಿಲವಾಗಿರುವುದು ಇತರರಿಗಿಂತ ಹೆಚ್ಚು. ಹೆಬ್ಬೆರಳು ಬಾಗಿ ಮುಂಗೈಯ ಒಳಭಾಗಕ್ಕೆ ತಾಗುವಂತಿದ್ದರೆ, ಕೀಲು ಹಿಡಿದಿಡುವ ಸ್ನಾಯುಗಳನ್ನು ಬಲಪಡಿಸಲು ಫಿಸಿಯೋಥೆರಪಿಸ್ಟರನ್ನು ಕಾಣಿ.

ಕಾರನ್ನು ಆಟೊಮ್ಯಾಟಿಕ್ ಗೇರಿನದರಲ್ಲಿ ಕಲಿಯಿರಿ. ಕ್ಲಚ್ ಮತ್ತು ಗೇರಿನ ಹೊಂದಾಣಿಕೆಯೇ ಕಲಿಯುವವರ ಅರ್ಧ ಗಮನ ತಿನ್ನುತ್ತದೆ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್, ಬ್ರೇಕ್ ಕೈಕಾಲಿಗೆ ಹತ್ತುವವರೆಗೆ ರಸ್ತೆಗಿಳಿಯಬೇಡಿ. ಕಲಿಸುವವರಿಗೆ ಮೊದಲೇ ಹೇಳಿ: ಒಂದು ಸಲಕ್ಕೆ ಒಂದೇ ಸೂಚನೆ, ತಿರುವಿನ ನಡುವೆ ಮಾತಿಲ್ಲ. ಕೂಗಾಡುವವರಾದರೆ ಬೇರೆಯವರನ್ನು ಹುಡುಕಿ. ಹಲವು ತಿಂಗಳ ನಂತರವೂ ಪಕ್ಕದ ವಾಹನಗಳ ವೇಗ ಊಹಿಸಲು ಆಗದಿದ್ದರೆ ಓಡಿಸದಿರುವ ನಿರ್ಧಾರವೂ ಸರಿಯಾದದ್ದೇ.

ಕಾಲಿನ ಕಲೆಗಳ ಬಗ್ಗೆ ಒಂದು ಮಾತು. ಎಲ್ಲಿ ತಾಗಿತೆಂದು ನೆನಪಿಲ್ಲದ ಕಲೆಗಳು, ಅದರಲ್ಲೂ ಬೆನ್ನು, ಹೊಟ್ಟೆಯಂಥ ಕಡೆ ಕಾಣಿಸಿಕೊಳ್ಳುವವು, ಮೇಜಿನ ಮೂಲೆಯಿಂದಲೇ ಆದವೆಂದು ತಿಳಿದು ಸುಮ್ಮನಿರದೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ.